ಕಂಪ್ಯೂಟರ್ ನೀರಾವರಿಗೆ ರೇಡಿಯೊ ರಿಮೋಟ್: ತೆರೆಯುವುದಕ್ಕಿಂತ ಮೊದಲು ಮುಚ್ಚುವುದನ್ನು ಜೋಡಿಸಿ

ಕಂಪ್ಯೂಟರ್ ಇರುವುದು ಪಂಪ್‌ಹೌಸ್ ಪಕ್ಕದ ಕೋಣೆಯಲ್ಲಿ. ವಾಲ್ವ್ ಇರುವುದು ಮುಕ್ಕಾಲು ಕಿಲೋಮೀಟರ್ ಆಚೆ. ಸ್ಪ್ರಿಂಕ್ಲರ್ ಒಂದು ತಿರುಗುತ್ತಿಲ್ಲ ಅಂತ ಅನುಮಾನ ಬಂದರೆ ಕೋಣೆಗೆ ಹೋಗಿ ಆ ಸ್ಟೇಷನ್, ಅಂದರೆ ಅದಕ್ಕೆ ನೀರು ಬಿಡುವ ವಾಲ್ವ್, ಆನ್ ಮಾಡಬೇಕು, ನಡೆದು ಹೋಗಿ ನೋಡಬೇಕು, ನಾಜಲ್ ಬಿಚ್ಚಿ ತೊಳೆಯಬೇಕಾದರೆ ನೀರು ನಿಲ್ಲಬೇಕು, ಹಾಗಾಗಿ ಮತ್ತೆ ಕೋಣೆಗೆ ವಾಪಸ್. ಒಂದು ನಾಜಲ್‌ಗೆ ಮೂರು ಸಲ ಓಡಾಟ. ರೇಡಿಯೊ ರಿಮೋಟ್ ಇದ್ದರೆ ಸ್ಪ್ರಿಂಕ್ಲರ್ ಪಕ್ಕದಲ್ಲೇ ನಿಂತು ಆನ್ ಮಾಡಬಹುದು, ನೋಡಬಹುದು, ಆಫ್ ಮಾಡಬಹುದು.

ಜೋಡಿಸುವವರು ಸಾಮಾನ್ಯವಾಗಿ ಆನ್ ಆಗುವುದನ್ನು ಮಾತ್ರ ಪರೀಕ್ಷೆ ಮಾಡುತ್ತಾರೆ. ನೀರು ಚಿಮ್ಮಿತು, ಖುಷಿಯಾಯಿತು, ಕೆಲಸ ಮುಗಿಯಿತು. ನಾನೂ ಹಾಗೇ ಮಾಡಿದ್ದೆ. ಒಂದು ಸಂಜೆ ಆಫ್ ಕೋಡ್ ಒತ್ತಿ ಮನೆಗೆ ಹೋದೆ, ಅದು ಕಂಪ್ಯೂಟರಿಗೆ ತಲುಪಿರಲೇ ಇಲ್ಲ. ಬೆಳಿಗ್ಗೆ ಬಂದು ನೋಡಿದರೆ ತಗ್ಗಿನ ಪಟ್ಟಿ ಪೂರ್ತಿ ಕೆಸರು, ಗಿಡದ ಬುಡದ ಮಣ್ಣು ಕೊಚ್ಚಿ ಹೋಗಿ ಬೇರು ಕಾಣುತ್ತಿತ್ತು. ಕಾರಣ ಮುಂದೆ ಹೇಳುತ್ತೇನೆ. ಆವತ್ತಿನಿಂದ ಯಾರಿಗೆ ಜೋಡಿಸಿಕೊಟ್ಟರೂ ಮುಚ್ಚುವ ಕಡೆಯಿಂದಲೇ ಶುರು ಮಾಡುತ್ತೇನೆ. ಈ ಬರಹದ ಕ್ರಮವೂ ಅದೇ.

ಮೊದಲು ದಾರಿ ತಲೆಯಲ್ಲಿ ಸ್ಪಷ್ಟವಾಗಲಿ. ಕೈಯಲ್ಲಿರುವ ಹ್ಯಾಂಡ್‌ಸೆಟ್‌ನಿಂದ ಸಿಗ್ನಲ್ ಹೊರಡುತ್ತದೆ. ಕೋಣೆಯಲ್ಲಿರುವ ಬೇಸ್ ರೇಡಿಯೊ ಅದನ್ನು ಹಿಡಿಯುತ್ತದೆ. ಡಿಕೋಡರ್ ಅನ್ನುವ ಪುಟ್ಟ ಪೆಟ್ಟಿಗೆ ಅದನ್ನು ಅಂಕಿಗಳಾಗಿ ಬಿಡಿಸಿ ಸೀರಿಯಲ್ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಕೊಡುತ್ತದೆ. ಕಂಪ್ಯೂಟರ್ ಹೊಲದ ಕಂಟ್ರೋಲರಿಗೆ ಹೇಳುತ್ತದೆ, ಕಂಟ್ರೋಲರ್ ವಾಲ್ವ್‌ನ ಕಾಯಿಲ್‌ಗೆ ಕರೆಂಟ್ ಬಿಡುತ್ತದೆ. ಒಟ್ಟು ಐದು ಕೊಂಡಿ. ಒಂದು ಕಳಚಿದರೂ ನೀರು ನಿಮ್ಮ ಮಾತು ಕೇಳುವುದಿಲ್ಲ. ಸಣ್ಣ ವ್ಯವಸ್ಥೆಗಳಲ್ಲಿ ಕಂಪ್ಯೂಟರ್ ನಡುವೆ ಬರದೆ ರಿಸೀವರ್ ನೇರವಾಗಿ ಕಂಟ್ರೋಲರ್‌ಗೇ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಕೊಂಡಿ ಕಡಿಮೆ, ಕೆಲಸ ಸುಲಭ.

ವಾಲ್ವ್ ಯಾವ ಜಾತಿಯದು ಅಂತ ನೋಡಿ

ರೇಡಿಯೊ ಪೆಟ್ಟಿಗೆ ಬಿಚ್ಚುವ ಮೊದಲು ವಾಲ್ವ್ ಹತ್ತಿರ ಹೋಗಿ. ಎರಡು ಬಗೆ ಇವೆ. ಒಂದು 24 ವೋಲ್ಟ್ ಎಸಿ ಸೊಲೆನಾಯ್ಡ್, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗಿ ವಾಲ್ವ್ ತೆರೆಯುವ ಕಾಯಿಲ್. ಕರೆಂಟ್ ಇರುವವರೆಗೆ ತೆರೆದಿರುತ್ತದೆ, ಕರೆಂಟ್ ಹೋದರೆ ಸ್ಪ್ರಿಂಗ್ ಮತ್ತು ನೀರಿನ ಒತ್ತಡ ಸೇರಿ ಮುಚ್ಚುತ್ತವೆ. ಇನ್ನೊಂದು ಲ್ಯಾಚಿಂಗ್ ಸೊಲೆನಾಯ್ಡ್, ಬ್ಯಾಟರಿ ಕಂಟ್ರೋಲರ್‌ಗಳಲ್ಲಿ ಬರುವುದು. ಇದಕ್ಕೆ ತೆರೆಯಲು ಒಂದು ಸಣ್ಣ ಡಿಸಿ ಪಲ್ಸ್, ಮುಚ್ಚಲು ಉಲ್ಟಾ ದಿಕ್ಕಿನ ಇನ್ನೊಂದು ಪಲ್ಸ್. ನಡುವೆ ಕರೆಂಟ್ ಬೇಕಿಲ್ಲ. ಬ್ಯಾಟರಿ ಉಳಿಯುತ್ತದೆ ನಿಜ, ಆದರೆ ತೆರೆದ ಮೇಲೆ ಬ್ಯಾಟರಿ ಸತ್ತರೆ ಅದು ತೆರೆದೇ ಇರುತ್ತದೆ. ಮುಚ್ಚು ಅಂತ ಹೇಳುವವರೇ ಇರುವುದಿಲ್ಲ ಅಲ್ವಾ! ನಿಮ್ಮಲ್ಲಿ ಲ್ಯಾಚಿಂಗ್ ವಾಲ್ವ್ ಇದ್ದರೆ, ಬ್ಯಾಟರಿ ಇಳಿಯುವ ಮೊದಲೇ ತಾನಾಗಿ ಮುಚ್ಚುವ ಕಂಟ್ರೋಲರ್ ಬೇಕು, ಇಲ್ಲವೇ ಮೇನ್ ಲೈನಿಗೆ 24 ವೋಲ್ಟ್ ಎಸಿಯ ಒಂದು ಮಾಸ್ಟರ್ ವಾಲ್ವ್, ಅಂದರೆ ಎಲ್ಲ ವಾಲ್ವ್‌ಗಳ ನೀರನ್ನೂ ಒಟ್ಟಿಗೆ ತಡೆಯುವ ವಾಲ್ವ್, ಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಆಮೇಲೆ ಕರೆಂಟ್ ಆಫ್ ಮಾಡಿ, ಕಂಟ್ರೋಲರ್‌ನಲ್ಲಿ ಸ್ಟೇಷನ್ ವೈರ್ ಬಿಚ್ಚಿ, ಮಲ್ಟಿಮೀಟರಿನಿಂದ ಆ ವೈರ್ ಮತ್ತು ಕಾಮನ್ ವೈರ್ (ಎಲ್ಲ ವಾಲ್ವ್‌ಗಳಿಗೂ ಸೇರಿದ್ದು) ನಡುವೆ ಓಮ್ ಅಳೆಯಿರಿ. 24 ವೋಲ್ಟ್ ಎಸಿ ಕಾಯಿಲ್ ಸಾಮಾನ್ಯವಾಗಿ 20ರಿಂದ 60 ಓಮ್ ತೋರಿಸುತ್ತದೆ. ಸೊನ್ನೆಗೆ ಹತ್ತಿರ ಇದ್ದರೆ ಶಾರ್ಟ್. ಮೀಟರ್ ಅಲುಗಾಡದಿದ್ದರೆ ಎಲ್ಲೋ ವೈರ್ ಕಡಿದಿದೆ. ನೂರಾರು ಓಮ್ ತೋರಿಸಿ ಅಂಕಿ ಕುಣಿಯುತ್ತಿದ್ದರೆ ಜಾಯಿಂಟ್‌ಗೆ ನೀರು ಹೋಗಿದೆ. ಇದನ್ನೆಲ್ಲ ಸರಿಮಾಡಿ, ಎಲ್ಲ ವಾಲ್ವ್‌ಗಳನ್ನೂ ಕಂಪ್ಯೂಟರ್‌ನಿಂದಲೇ ಒಂದೊಂದಾಗಿ ತೆರೆದು ಮುಚ್ಚಿ ನೋಡಿ. ಈ ಹಂತ ಬಿಟ್ಟರೆ ಮುಂದೆ ವೈರಿನ ದೋಷಕ್ಕೆ ರೇಡಿಯೊವನ್ನು ಬೈಯುತ್ತಾ ಎರಡು ದಿನ ಕಳೆಯುತ್ತೀರಿ.

ರೇಡಿಯೊ ಆಯ್ಕೆ

ದಾರಿ ಎರಡು. ಮಾತಾಡುವ ವಾಕಿಟಾಕಿಗೆ ಅಂಕಿ ಗುಂಡಿಗಳಿದ್ದು ಡಿಟಿಎಂಎಫ್ ಸ್ವರ ಕಳಿಸುವುದು ಒಂದು. ಇದು ಫೋನ್ ಗುಂಡಿ ಒತ್ತಿದಾಗ ಕೇಳುವ ಅದೇ ಸ್ವರ. ಪ್ರತಿ ಅಂಕಿಗೂ ಎರಡು ಸ್ವರ ಒಟ್ಟಿಗೆ ಹೋಗುತ್ತವೆ. 5 ಒತ್ತಿದರೆ 770 ಮತ್ತು 1336 ಹರ್ಟ್ಸ್. ಎರಡನೆಯದು ಲೋರಾದಂಥ ಡೇಟಾ ರೇಡಿಯೊ, ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಪುಟ್ಟ ಸಂದೇಶ ಕಳಿಸುವಂಥದ್ದು. ಕೆಲಸಗಾರರ ಕೈಯಲ್ಲಿ ಈಗಾಗಲೇ ವಾಕಿಟಾಕಿ ಇದ್ದರೆ ಮೊದಲನೆಯದು ಅನುಕೂಲ. ಹೊಸದಾಗಿ ಶುರು ಮಾಡುವವರಿಗೆ ನಾನು ಡೇಟಾ ರೇಡಿಯೊವನ್ನೇ ಹೇಳುವುದು. ಕಾರಣ ಒಂದೇ, ಅದು ಉತ್ತರ ಕೊಡುತ್ತದೆ. ಕಮಾಂಡ್ ತಲುಪಿತೋ ಇಲ್ಲವೋ ಅಂತ ಹ್ಯಾಂಡ್‌ಸೆಟ್‌ನಲ್ಲೇ ಕಾಣುತ್ತದೆ.

ಫ್ರೀಕ್ವೆನ್ಸಿ ನಿಮ್ಮ ಇಷ್ಟದ್ದಲ್ಲ, ನಿಮ್ಮ ದೇಶದ ನಿಯಮದ್ದು. ಲೈಸೆನ್ಸ್ ಬೇಡದ ಪಟ್ಟಿ ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್, ಅಮೆರಿಕದಲ್ಲಿ 902ರಿಂದ 928. ಯುರೋಪಿನಲ್ಲಿ 868ರ ಆಸುಪಾಸು, ಅಲ್ಲಿ ಅನೇಕ ಚಾನೆಲ್‌ಗಳಲ್ಲಿ ಗಂಟೆಗೆ 1 ಶೇಕಡಾ ಹೊತ್ತು ಮಾತ್ರ ಪ್ರಸಾರ, ಅಂದರೆ 36 ಸೆಕೆಂಡ್. ನೀರಾವರಿಗೆ ಅಷ್ಟು ಧಾರಾಳ ಸಾಕು. ಹೆಚ್ಚು ಶಕ್ತಿಯ ವಾಕಿಟಾಕಿಗೆ ಬಹುತೇಕ ಕಡೆ ಲೈಸೆನ್ಸ್ ಬೇಕು. ಬೇರೆ ದೇಶಕ್ಕೆ ಮಾಡಿದ ಸೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಆಂಟೆನಾ

ದುಡ್ಡು ಮತ್ತು ಗಮನ ಎರಡನ್ನೂ ಇಲ್ಲಿ ಹಾಕಿ. ಜಾಸ್ತಿ ವಾಟ್‌ಗಿಂತ ಜಾಸ್ತಿ ಎತ್ತರ ಮೇಲು. ಬೇಸ್ ಆಂಟೆನಾ ಕೋಣೆಯ ಒಳಗೆ ಕಿಟಕಿ ಪಕ್ಕ ಇಟ್ಟರೆ ಆಗುವುದಿಲ್ಲ, ಚಾವಣಿಯ ಮೇಲೆ ಕಂಬ ನಿಲ್ಲಿಸಿ. ಅಲೆಯ ಉದ್ದದ ಕಾಲು ಭಾಗದಷ್ಟಿರುವ ಆಂಟೆನಾ 433 ಮೆಗಾಹರ್ಟ್ಸ್‌ಗೆ ಸುಮಾರು 17.3 ಸೆಂಟಿಮೀಟರ್, 866ಕ್ಕೆ ಸುಮಾರು 8.7. ಒಂದರ ಆಂಟೆನಾ ಇನ್ನೊಂದಕ್ಕೆ ಹಾಕಿದರೆ ಹಿಡಿಯುವ ದೂರ ಕುಸಿಯುತ್ತದೆ, ನೋಡಲು ಎರಡೂ ಒಂದೇ ಥರ ಇರುವುದರಿಂದ ಈ ತಪ್ಪು ತುಂಬಾ ಆಗುತ್ತದೆ.

ಆಂಟೆನಾದಿಂದ ರೇಡಿಯೊಗೆ ಬರುವ ಕೇಬಲ್ ಚಿಕ್ಕದಿರಲಿ, ದಪ್ಪದ್ದಿರಲಿ. ಆರ್‌ಜಿ-58 ಅನ್ನುವ ತೆಳು ಕೇಬಲ್ 10 ಮೀಟರ್ ಎಳೆದರೆ 450 ಮೆಗಾಹರ್ಟ್ಸ್‌ನಲ್ಲಿ ಸುಮಾರು ಅರ್ಧ ಶಕ್ತಿ ಕೇಬಲ್‌ನಲ್ಲೇ ಕರಗಿಹೋಗುತ್ತದೆ. ಹೊರಗಿನ ಕನೆಕ್ಟರ್‌ಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಒಂದು ಸಲ ಕೆಳಗೆ ಜೋತುಬಿದ್ದು ಮೇಲೇರಲಿ, ಮಳೆ ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಸಿಡಿಲು ತಡೆಯುವ ಅರೆಸ್ಟರ್ ಮತ್ತು ಒಳ್ಳೆಯ ಅರ್ಥಿಂಗ್ ಇಲ್ಲದೆ ಕಂಬ ಏರಿಸಬೇಡಿ. ಆಂಟೆನಾ ಸಿಕ್ಕಿಸದೆ ಪ್ರಸಾರದ ಗುಂಡಿ ಒತ್ತಲೇಬೇಡಿ, ರೇಡಿಯೊದ ಔಟ್‌ಪುಟ್ ಭಾಗ ಸುಟ್ಟುಹೋಗಬಹುದು.

ಕಂಪ್ಯೂಟರಿಗೆ ಸಿಕ್ಕಿಸುವುದು

9 ಪಿನ್‌ನ ಸೀರಿಯಲ್ ಪೋರ್ಟ್‌ನಲ್ಲಿ ಕಂಪ್ಯೂಟರ್ ಕಡೆ 2ನೇ ಪಿನ್ ಕೇಳುವುದು, 3ನೆಯದು ಹೇಳುವುದು, 5ನೆಯದು ಗ್ರೌಂಡ್. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಹೋಗಬೇಕು, ಕೇಬಲ್ ನೇರದ್ದೋ ಅದಲುಬದಲಿನದೋ ಅಂತ ಡಿಕೋಡರ್‌ನ ಪುಸ್ತಕ ನೋಡಿ. ಪೋರ್ಟ್ ಮೇಲೇ ಅನುಮಾನವಿದ್ದರೆ ಸುಲಭದ ಪರೀಕ್ಷೆ ಇದೆ. ಕೇಬಲ್ ತೆಗೆದು 2 ಮತ್ತು 3ನೇ ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಟರ್ಮಿನಲ್ ಪ್ರೋಗ್ರಾಮ್‌ನಲ್ಲಿ ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದೇ ಮರಳಿ ಬಂದರೆ ಪೋರ್ಟ್ ಸರಿಯಿದೆ. ವೇಗ, ಅಂದರೆ ಬಾಡ್ ರೇಟ್, ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಪರದೆ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ.

ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಬಳಸುತ್ತಿದ್ದರೆ ಯಾವ ರಂಧ್ರಕ್ಕೆ ಹಾಕಿದ್ದೀರೋ ಅದಕ್ಕೆ ಬಣ್ಣದ ಗುರುತು ಮಾಡಿ. ಬೇರೆ ರಂಧ್ರಕ್ಕೆ ಹಾಕಿದರೆ ಕಂಪ್ಯೂಟರ್ ಅದಕ್ಕೆ ಕೊಡುವ ಕಾಮ್ ಪೋರ್ಟ್ ನಂಬರ್ ಬದಲಾಗಬಹುದು, ಆಗ ನೀರಾವರಿ ಸಾಫ್ಟ್‌ವೇರ್ ಹಳೆಯ ನಂಬರ್‌ನಲ್ಲೇ ಕಾಯುತ್ತಾ ಕೂರುತ್ತದೆ. ಕಂಪ್ಯೂಟರಿನ ಸ್ಲೀಪ್ ಆಫ್ ಮಾಡಿ. ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದರೆ ಸಾಫ್ಟ್‌ವೇರ್ ತಾನಾಗಿ ಶುರುವಾಗುವಂತೆ ಇಡಿ. ಬೇಸ್ ರೇಡಿಯೊ, ಡಿಕೋಡರ್, ಕಂಪ್ಯೂಟರ್ ಮೂರೂ ಒಂದೇ ಯುಪಿಎಸ್‌ನಲ್ಲಿರಲಿ.

ಈಗ ನನ್ನ ಆ ಕೆಸರಿನ ಕಾರಣ. ಡಿಕೋಡರ್‌ಗೆ ಧ್ವನಿ ಹೋಗುತ್ತಿದ್ದದ್ದು ಬೇಸ್ ರೇಡಿಯೊದ ಸ್ಪೀಕರ್ ಜಾಕ್‌ನಿಂದ. ಅಂದರೆ ವಾಲ್ಯೂಮ್ ಗುಂಡಿಯೇ ಡಿಕೋಡರ್‌ನ ಕಿವಿ. ಸ್ಪೀಕರ್‌ನ ಸರಸರ ಸದ್ದು ಕಿರಿಕಿರಿ ಅಂತ ಯಾರೋ ಸಂಜೆ ವಾಲ್ಯೂಮ್ ಇಳಿಸಿದ್ದರು. ಸ್ವರ ಬಂದಿತ್ತು, ಡಿಕೋಡರ್‌ಗೆ ಕೇಳಿಸಲಿಲ್ಲ. ಹಾಗಾಗಿ ರೇಡಿಯೊದ ಹಿಂದೆ ವಾಲ್ಯೂಮ್ ಗುಂಡಿಗೆ ಸಂಬಂಧವಿಲ್ಲದ ಆಡಿಯೊ ಔಟ್‌ಪುಟ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಎಲ್ಲ ಅಂಕಿಗಳೂ ಸರಿಯಾಗಿ ಬಿಡಿಸುವ ಜಾಗ ಹುಡುಕಿ, ಗುಂಡಿಗೆ ಬಿಳಿ ಗೆರೆ ಎಳೆದು, ಮೇಲೆ ಟೇಪ್ ಅಂಟಿಸಿ. ವಾಲ್ಯೂಮ್ ಜಾಸ್ತಿಯಾದರೂ ಸ್ವರ ಒಡೆದು ತಪ್ಪು ಓದುತ್ತದೆ.

ಡಿಟಿಎಂಎಫ್‌ನವರು ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಪ್ರಸಾರದ ಗುಂಡಿ ಒತ್ತಿ ಹಿಡಿದು, ಮನಸ್ಸಿನಲ್ಲೇ ಒಂದು ಸೆಕೆಂಡ್ ಎಣಿಸಿ, ಆಮೇಲೆ ಅಂಕಿ ಒತ್ತಿ. ಆಚೆ ರೇಡಿಯೊ ಕಣ್ಣು ಬಿಡಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಮೊದಲ ಅಂಕಿ ನುಂಗಿಹೋಗುತ್ತದೆ. ಬೇಸ್ ರೇಡಿಯೊದ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆಫ್ ಇರಲಿ.

ಸಾಫ್ಟ್‌ವೇರ್‌ನಲ್ಲಿ ಕೊಡಬೇಕಾದದ್ದು

ಪ್ರತಿ ವಾಲ್ವ್‌ಗೂ ಕಂಟ್ರೋಲರ್ ನಂಬರ್ ಮತ್ತು ಸ್ಟೇಷನ್ ನಂಬರ್ ಕೊಡಿ, ಅದೇ ನಂಬರನ್ನು ವಾಲ್ವ್ ಪೆಟ್ಟಿಗೆಯ ಮುಚ್ಚಳದ ಮೇಲೂ ಬರೆಯಿರಿ. ಕಮಾಂಡ್ ಬರೆಯುವ ರೀತಿ ಒಂದೊಂದು ಕಂಪನಿಯದು ಒಂದೊಂದು. ಯಾವುದಾದರೂ ಸರಿ, ಬರೀ ಆನ್ ಕಮಾಂಡ್ ಬಳಸಬೇಡಿ. ಆನ್ ಜೊತೆ ನಿಮಿಷವೂ ಇರಲಿ. ಪರೀಕ್ಷೆಗೆ 5 ನಿಮಿಷ ಸಾಕು. ಆಫ್ ಕಮಾಂಡ್ ಬರಲಿ ಬಿಡಲಿ, ನಿಮಿಷ ಮುಗಿದ ಮೇಲೆ ಮುಚ್ಚಲೇಬೇಕು. ಈ ಲೆಕ್ಕ ಕಂಪ್ಯೂಟರ್‌ನಲ್ಲಿ ಮಾತ್ರವಲ್ಲ, ಹೊಲದ ಕಂಟ್ರೋಲರ್‌ನಲ್ಲೂ ಇರಬೇಕು. ಕಂಪ್ಯೂಟರ್ ಕೆಟ್ಟು ನಿಂತರೆ ಸಮಯ ಎಣಿಸುವವರು ಬೇಕಲ್ಲ!

ಪಂಪ್ ಇದೇ ವ್ಯವಸ್ಥೆಯಲ್ಲಿದ್ದರೆ ಮೊದಲು ವಾಲ್ವ್ ತೆರೆದು ಆಮೇಲೆ ಪಂಪ್ ಶುರುವಾಗಲಿ, ನಿಲ್ಲಿಸುವಾಗ ಮೊದಲು ಪಂಪ್, ಆಮೇಲೆ ವಾಲ್ವ್. ಉಲ್ಟಾ ಆದರೆ ಮುಚ್ಚಿದ ಪೈಪಿನ ಮೇಲೆ ಪಂಪ್ ಗುದ್ದುತ್ತದೆ. ಒಂದು ವಾಲ್ವ್‌ನಿಂದ ಇನ್ನೊಂದಕ್ಕೆ ಹೋಗುವಾಗಲೂ ಮುಂದಿನದು ತೆರೆದ ಮೇಲೆ ಹಿಂದಿನದು ಮುಚ್ಚಲಿ. ರಿಮೋಟ್‌ನಿಂದ ಆನ್ ಮಾಡಿದ ಹೊತ್ತಿಗೇ ದಿನದ ಪ್ರೋಗ್ರಾಮ್ ಶುರುವಾದರೆ ಏನಾಗಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಎರಡೂ ಸೇರಿ ಒಂದೇ ಟ್ರಾನ್ಸ್‌ಫಾರ್ಮರ್ ಮೇಲೆ ಬಿದ್ದರೆ ಫ್ಯೂಸ್ ಹೋಗುತ್ತದೆ. 40 ವಿಎ ಟ್ರಾನ್ಸ್‌ಫಾರ್ಮರ್ 24 ವೋಲ್ಟ್‌ನಲ್ಲಿ ಕೊಡುವುದು ಸುಮಾರು 1.7 ಆಂಪಿಯರ್ ಮಾತ್ರ.

ಪಾಸ್‌ವರ್ಡ್ ಕೋಡ್ ಹಾಕಿ. ಡಿಟಿಎಂಎಫ್ ಸ್ವರವನ್ನು ಅದೇ ಚಾನೆಲ್‌ನಲ್ಲಿರುವ ಯಾರಾದರೂ ಕೇಳಿ ಮತ್ತೆ ಕಳಿಸಬಹುದು, ಪೂರ್ತಿ ರಕ್ಷಣೆ ಅದರಲ್ಲಿಲ್ಲ. ಲೋರಾದ ಅನೇಕ ವ್ಯವಸ್ಥೆಗಳಲ್ಲಿ ಎನ್‌ಕ್ರಿಪ್ಷನ್ ಕೀ, ಅಂದರೆ ಸಂದೇಶವನ್ನು ಬೇರೆಯವರು ಓದದಂತೆ ಮಾಡುವ ಗುಟ್ಟಿನ ಕೋಡ್, ಇರುತ್ತದೆ, ಪೆಟ್ಟಿಗೆಯಿಂದ ಬಂದ ಕೀಯನ್ನೇ ಸುಮ್ನೆ ಬಿಡಬೇಡಿ, ಬದಲಿಸಿ.

ಹೊಲ ಸುತ್ತುವ ಪರೀಕ್ಷೆ

ಇಬ್ಬರು ಬೇಕು. ಒಬ್ಬರು ಕಂಪ್ಯೂಟರ್ ಮುಂದೆ, ಇನ್ನೊಬ್ಬರು ಹೊಲದಲ್ಲಿ ನಕ್ಷೆ ಹಿಡಿದು. ಪ್ರತಿ ವಾಲ್ವ್ ಹತ್ತಿರ ನಿಂತು ಹತ್ತು ಸಲ ಕಳಿಸಿ, ಎಷ್ಟು ಸಲ ತಲುಪಿತು ಅಂತ ನಕ್ಷೆಯಲ್ಲೇ ಬರೆಯಿರಿ. ಹತ್ತಕ್ಕೆ ಎಂಟು ಬಂದ ಜಾಗ ಚೆನ್ನಾಗಿದೆ ಅಂದುಕೊಳ್ಳಬೇಡಿ, ಉಳಿದ ಎರಡರಲ್ಲಿ ಒಂದು ಆಫ್ ಕಮಾಂಡ್ ಆಗಿರಬಹುದು. ಡೇಟಾ ರೇಡಿಯೊ ಸಿಗ್ನಲ್ ಬಲವನ್ನೂ ತೋರಿಸುತ್ತದೆ, ಕನಿಷ್ಠ ಬೇಕಾದ್ದಕ್ಕಿಂತ 10 ಡೆಸಿಬೆಲ್ ಆದರೂ ಮೇಲಿರಲಿ. ಲೋರಾದಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ ಅನ್ನುವ ಸೆಟ್ಟಿಂಗನ್ನು 7ರಿಂದ 12ರ ಕಡೆ ಏರಿಸಿದಂತೆ ದೂರ ಹೆಚ್ಚುತ್ತದೆ, ಆದರೆ ಒಂದೊಂದು ಮೆಟ್ಟಿಲಿಗೂ ಕಳಿಸುವ ಹೊತ್ತು ಹೆಚ್ಚೂ ಕಡಿಮೆ ದುಪ್ಪಟ್ಟಾಗುತ್ತದೆ.

ವಾಲ್ವ್ ಪೆಟ್ಟಿಗೆಯ ಮುಚ್ಚಳ ತೆಗೆದು, ಬಗ್ಗಿ, ಸೊಲೆನಾಯ್ಡ್ ಮೇಲೆ ಬೆರಳಿಟ್ಟು ಆನ್ ಒತ್ತಿ. ಸಣ್ಣದಾಗಿ ಟಕ್ ಅನ್ನುತ್ತದೆ, ಎಸಿ ಕಾಯಿಲ್ ಆದರೆ ಬೆರಳಿಗೆ ಜುಂ ಅನ್ನುವ ಕಂಪನ ತಾಗುತ್ತದೆ. ಕ್ಷಣ ಬಿಟ್ಟು ಪೈಪಿನೊಳಗೆ ನೀರು ನುಗ್ಗುವ ಸದ್ದು. ಟಕ್ ಬಂದು ನೀರು ಬರದಿದ್ದರೆ ತಪ್ಪು ರೇಡಿಯೊದ್ದಲ್ಲ, ವಾಲ್ವ್‌ನದು. ಆಫ್ ಒತ್ತಿದಾಗ ಕಂಪನ ನಿಂತರೂ ನೀರು ಹರಿಯುತ್ತಿದ್ದರೆ ವಾಲ್ವ್ ಒಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಾಮ್, ಕೆಳಗೆ ಮರಳ ಕಣ ಸಿಕ್ಕಿಕೊಂಡಿರಬಹುದು. ಇದನ್ನು ಹ್ಯಾಂಡ್‌ಸೆಟ್ ಹೇಳುವುದಿಲ್ಲ. ಅದಕ್ಕೇ ಮೇನ್ ಲೈನಿಗೆ ಫ್ಲೋ ಮೀಟರ್ ಇದ್ದರೆ ಕಂಪ್ಯೂಟರಿಗೆ ಜೋಡಿಸಿ ಅಂತ ಒತ್ತಿ ಹೇಳುತ್ತೇನೆ. ಎಲ್ಲ ಆಫ್ ಇದ್ದಾಗಲೂ ನೀರು ಹರಿಯುತ್ತಿದೆ ಅಂತ ಎಚ್ಚರಿಸುವುದು ಅದೊಂದೇ.

ಈಗ ಬೇಕಂತಲೇ ಕೆಡಿಸಿ ನೋಡಿ. 5 ನಿಮಿಷಕ್ಕೆ ಒಂದು ವಾಲ್ವ್ ತೆರೆದು ಹ್ಯಾಂಡ್‌ಸೆಟ್ ಆಫ್ ಮಾಡಿ. ಗಡಿಯಾರ ನೋಡಿ, 5 ನಿಮಿಷಕ್ಕೆ ಮುಚ್ಚಿತೇ? ಮತ್ತೆ ತೆರೆದು ಬೇಸ್ ರೇಡಿಯೊ ಆಫ್ ಮಾಡಿ. ಮತ್ತೆ ತೆರೆದು ಕಂಪ್ಯೂಟರನ್ನೇ ಆಫ್ ಮಾಡಿ. ಕೊನೆಗೆ ಹೊಲದ ಕಂಟ್ರೋಲರ್‌ನ ಕರೆಂಟ್ ತೆಗೆಯಿರಿ. ನಾಲ್ಕರಲ್ಲೂ ನೀರು ನಿಲ್ಲಬೇಕು. ಒಂದರಲ್ಲಿ ನಿಲ್ಲದಿದ್ದರೂ ರಿಮೋಟನ್ನು ಕೆಲಸಗಾರರ ಕೈಗೆ ಕೊಡಬೇಡಿ.

ಬೆಳೆ ಆಳೆತ್ತರ ಬಂದ ಮೇಲೆ, ಅದೂ ಮಳೆ ನಿಂತು ಎಲೆ ಇನ್ನೂ ಒದ್ದೆಯಿರುವಾಗ, ಅದೇ ನಕ್ಷೆ ಹಿಡಿದು ಇನ್ನೊಮ್ಮೆ ಸುತ್ತಿ. ಖಾಲಿ ಹೊಲದಲ್ಲಿ ಹತ್ತಕ್ಕೆ ಹತ್ತು ಬಂದಿದ್ದ ಮೂಲೆಯಲ್ಲಿ ಈಗ ಆರೇ ಬರಬಹುದು, ನೀರು ತುಂಬಿದ ಹಸಿರು ಸಿಗ್ನಲನ್ನು ಹೀರುತ್ತದೆ. ಹೊಸ ಅಂಕಿಯನ್ನು ಬೇರೆ ಬಣ್ಣದಲ್ಲಿ ಬರೆಯಿರಿ, ಹಳೆಯದನ್ನು ಅಳಿಸಬೇಡಿ. ಆಂಟೆನಾ ಕಂಬವನ್ನು ಎಷ್ಟು ಏರಿಸಬೇಕು ಅಂತ ಆ ಎರಡು ಬಣ್ಣ ನೋಡಿಯೇ ತೀರ್ಮಾನಿಸಬಹುದು.