ಭೂಮಣ್ಣಿ ಬುಟ್ಟಿಯಲ್ಲಿ ಕೂಡದೇ ಉಳಿದ ಎಳೆ

2015ರಲ್ಲಿ ಕೊನೆಯ ಫ್ರೇಮು ಮುಗಿಸಿ ಬ್ರಷ್ ತೊಳೆದಿಟ್ಟವಳು ಮತ್ತೆ ಚಿತ್ತಾರಕ್ಕೆ ಕೂತದ್ದು 2024ರ ಭೂಮಿ ಹುಣ್ಣಿಮೆಗೆ. ನಡುವಿನ ಒಂಬತ್ತು ವರ್ಷ ಏನೂ ಬರೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಗಳ ಸೈನ್ಸ್ ಪ್ರಾಜೆಕ್ಟಿಗೆ ದಾಸವಾಳದ ಭಾಗಗಳನ್ನು ಬರೆದುಕೊಟ್ಟಿದ್ದೆ. ಅಷ್ಟೇ.

ನಮ್ಮದು ಸಾಗರ ತಾಲೂಕಿನ ದೀವರ ಸಮುದಾಯದ ಮನೆ. ನಮ್ಮಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದೂ ಹೆಂಗಸರೇ, ಭೂಮಿ ಹುಣ್ಣಿಮೆಗೆ ಗದ್ದೆಗೆ ಊಟ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವುದೂ ಹೆಂಗಸರೇ. ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಅವ್ವನ ಪಕ್ಕ ಕೂತು ಕಪ್ಪು ಅರೆದುಕೊಡುತ್ತ ಕೂತರೆ ಒಂದು ದಿನ ಮೂಲೆ ತುಂಬೋ ಕೆಲಸ ಸಿಗುತ್ತದೆ. ನನಗೂ ಹಾಗೇ ಸಿಕ್ಕಿತು.

ಮದುವೆಯಾಗಿ ಬೆಂಗಳೂರಿಗೆ ಬಂದಮೇಲೆ ಪರಿಚಯದವರೊಬ್ಬರು ನನ್ನ ಕೆಲಸ ನೋಡಿ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹಸೆ ಚಿತ್ತಾರವನ್ನು ಹದಿನಾಲ್ಕು ಇಂಚಿನ ಚೌಕದಲ್ಲಿ ಕೇಳಿದರು. ಸಂತೋಷವಾಗಿಯೇ ಬರೆದೆ. ಆಮೇಲೆ ಅದೇ ಬೇಕು, ಕೆಂಪು ಇನ್ನೂ ಹೊಳೆಯಬೇಕು, ಅಕ್ರಿಲಿಕ್ ಹಾಕಿ, ಹಳದಿ ಬೇಡ ಅಂದರು. ನಲವತ್ತರ ಹತ್ತಿರ ಬರೆದಿರಬೇಕು. ದುಡ್ಡು ತಡವಾಗಿ ಬರುತ್ತಿತ್ತು ಅನ್ನೋದು ಬೇರೆ ಮಾತು. ಕೊನೆಕೊನೆಗೆ ಟೇಪಿನ ಸಹಾಯದಲ್ಲಿ ಗೀಟು ಎಳೆಯುತ್ತ, ಮನಸ್ಸಿನಲ್ಲಿ ಮಾರನೆಯ ದಿನದ ತಿಂಡಿಗೆ ಏನು ಅಂತ ಯೋಚಿಸುತ್ತಿದ್ದೆ. ಬೇಸರವೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಒಂದು ದಿನ ಕೂರಲಿಲ್ಲ, ಮರುದಿನವೂ ಕೂರಲಿಲ್ಲ.

ಮತ್ತೆ ಶುರುಮಾಡೋ ಪ್ರಯತ್ನ ಎಷ್ಟೋ ಸಲ ಆಯಿತು. ಒಳ್ಳೇ ಕಾಗದ ತಂದೆ, ದುಬಾರಿ ಬ್ರಷ್ ತಂದೆ. ಕೂತರೆ ಕೈ ತಾನಾಗಿಯೇ ಆ ಹದಿನಾಲ್ಕು ಇಂಚಿನ ಚೌಕಕ್ಕೇ ಹೋಗಿಬಿಡುತ್ತಿತ್ತು. ಕಾಗದ ಮಡಚಿಡುತ್ತಿದ್ದೆ.

2024ರ ನವರಾತ್ರಿಯಲ್ಲಿ ಅವ್ವ ಫೋನ್ ಮಾಡಿ, “ಈ ಸಲ ಬುಟ್ಟಿಗೆ ಬರೀ ಕೆಮ್ಮಣ್ಣು ಬಳಿದು ಕಳಿಸ್ತೀನೆ. ಕಣ್ಣಿಗೆ ಎಳೆನೇ ಕಾಣ್ಸದಿಲ್ಲ” ಅಂದಳು. ದುಃಖದಲ್ಲಿ ಹೇಳಿದ್ದಲ್ಲ, ಹಾಲಿನವನು ಬರಲಿಲ್ಲ ಅಂದಹಾಗೆ ಹೇಳಿದಳು. ನಾನು ರಜೆ ಹಾಕಿ ಬಸ್ಸು ಹತ್ತಿದೆ.

ವಿಜಯದಶಮಿಗೂ ಹುಣ್ಣಿಮೆಗೂ ನಡುವೆ ಐದೇ ದಿನ. ಆ ಹುಣ್ಣಿಮೆಗೆ ಗದ್ದೆಯ ಭತ್ತ ಹೊಡೆಯಲ್ಲಿರುತ್ತದೆ, ಅಂದರೆ ತೆನೆ ಇನ್ನೂ ಒಳಗೇ ಇರುತ್ತದೆ. ಭೂಮಿ ಬಸುರಿ ಅಂತ ಲೆಕ್ಕ, ಅವಳಿಗೆ ಬಯಕೆ ಊಟ. ಆ ಊಟ ಹೊತ್ತುಕೊಂಡು ಹೋಗೋದು ಈ ಬುಟ್ಟಿಗಳಲ್ಲಿ, ದೊಡ್ಡದೊಂದು, ಚಿಕ್ಕದೊಂದು. ಹುಣ್ಣಿಮೆ ಯಾರಿಗೂ ಕಾಯುವುದಿಲ್ಲವಲ್ಲ. ಸ್ಫೂರ್ತಿ ಬರಲಿ ಅಂತ ಕೂರೋಕೆ ಪುರಸೊತ್ತೇ ಸಿಗಲಿಲ್ಲ, ಅದು ಒಳ್ಳೆಯದೇ ಆಯಿತು.

ಮೊದಲ ಎರಡು ದಿನ ಬರೆಯೋ ಮಾತೇ ಇಲ್ಲ. ಬಿದಿರು ಬುಟ್ಟಿಯ ಸಂದು ಮುಚ್ಚುವ ಹಾಗೆ ಸಗಣಿ ಸಾರಿಸಿ ಒಣಗಿಸಿದೆವು. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಎರಡು ಸಲ ಬಳಿದೆವು. ಪುಂಡಿ ನಾರನ್ನು ನೆನೆಸಿ, ಸಣ್ಣ ಕಟ್ಟು ಕಟ್ಟಿ, ತುದಿಯನ್ನು ಕಲ್ಲಿನ ಮೇಲೆ ಜಜ್ಜಿ ಬಿಡಿಸಿದರೆ ಅದೇ ಕುಂಚ. ಜಾಸ್ತಿ ಜಜ್ಜಿದರೆ ತುದಿ ಪೊರಕೆಯಾಗುತ್ತದೆ. ಮೊದಲ ಮೂರು ಪೊರಕೆಯೇ ಆದವು. ಬಿಳಿಗೆ ಅಕ್ಕಿ ನೆನೆಸಿ ಅರೆಯಬೇಕು. ಕಪ್ಪಿಗೆ ಅಕ್ಕಿಯನ್ನೇ ಹೊಗೆಯೇಳುವವರೆಗೆ, ಮನೆಯವರೆಲ್ಲ ಕೆಮ್ಮುವವರೆಗೆ ಹುರಿದು ಅರೆಯಬೇಕು. ಹಳದಿ ಬರೋದು ಗುರಿಗೆ ಬೀಜದಿಂದ. ದೊಡ್ಡವ್ವ ಡಬ್ಬಿಯಲ್ಲಿ ಕಾದಿಟ್ಟಿದ್ದಳು. ಟ್ಯೂಬಿನ ಬಣ್ಣ ಹಿಂಡುವಾಗ ಬಾರದೇ ಇದ್ದ ಒಂದು ಆಸೆ ಈ ಅರೆಯೋ ಕೆಲಸದಲ್ಲಿ ಬಂತು: ಇಷ್ಟು ಕಷ್ಟಪಟ್ಟ ಬಿಳಿ ಹೇಗೆ ಕಾಣಬಹುದು, ಒಂದು ಗೀಟು ಎಳೆದು ನೋಡೋಣ ಅಂತ.

ಎಳೆದೆ. ಏನೂ ಕಾಣಲಿಲ್ಲ.

ಮರೆತೇಹೋಗಿತ್ತು ನನಗೆ. ಅಕ್ಕಿ ಹಿಟ್ಟಿನ ಬಿಳಿ ಹಸಿಯಾಗಿದ್ದಾಗ ಕೆಮ್ಮಣ್ಣಿನ ಮೇಲೆ ಬರೀ ಒದ್ದೆ ಗುರುತು. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಅಂದರೆ ಎಳೆಯುವಾಗ ಎಳೆ ಸರಿಯಿದೆಯೋ ಇಲ್ಲವೋ ಪೂರ್ತಿ ಗೊತ್ತಾಗುವುದಿಲ್ಲ. ಅಕ್ರಿಲಿಕ್ಕಿನಲ್ಲಿ ಪ್ರತಿ ಇಂಚಿಗೂ ನಿಂತು ನೋಡಿ, ತಿದ್ದಿ, ಮತ್ತೆ ನೋಡೋ ಚಟ ಅಂಟಿಸಿಕೊಂಡಿದ್ದವಳು ನಾನು. ಇಲ್ಲಿ ನಿಂತರೆ ಅಲ್ಲೇ ಹನಿ ದಪ್ಪಗಾಗಿ ಗಂಟು ಬೀಳುತ್ತದೆ. ಬಗ್ಗಿ ಬಗ್ಗಿ ನೋಡುತ್ತಿದ್ದವಳಿಗೆ ದೊಡ್ಡವ್ವ, “ಹಸಿ ಇದ್ದಾಗ ಎಂತ ನೋಡ್ತೀಯೆ ಮಾರಾಯ್ತಿ, ಅತ್ಲಾಗೆ ಹೋಗಿ ಸೊಪ್ಪು ಸೋಸು” ಅಂದಳು. ಗದ್ದೆಗೆ ಬೀರುವ ಹಚ್ಚಂಬಲಿಗೆ ತಂದ ಸೊಪ್ಪು ರಾಶಿ ಬಿದ್ದಿತ್ತು. ಸೋಸಿದೆ. ತಿರುಗಿ ಬರುವಷ್ಟರಲ್ಲಿ ನಾನು ಎಳೆದ ಎಳೆ ನಡುಗಿದ್ದೂ ಸೇರಿ ಬೆಳ್ಳಗೆ ಕೂತಿತ್ತು. ಅಳಿಸೋ ಹಾಗಿಲ್ಲ. ಅದರ ಪಕ್ಕ ಇನ್ನೊಂದು ಎಳೆದೆ.

ಮೂರನೇ ದಿನ ಪೂರ್ತಿ ಎಳೆಯೇ. ಗೊಂಬೆ ಇಲ್ಲ, ಜೋಗಿ ಜಡೆ ಅನ್ನೋ ನಮೂನೆ ಇಲ್ಲ, ಬರೀ ಅಡ್ಡ ಎಳೆ. ಮತ್ತೆ ಶುರುಮಾಡುವವರು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ: ಚಿತ್ರದ ಅಂಚಿನಿಂದ ಶುರುಮಾಡಿ. ನಾನು ಕಾಗದ ಮಡಚಿಟ್ಟ ಸಲವೆಲ್ಲ ನಡುವಿನ ಚಿತ್ರಕ್ಕೇ ಕೈ ಹಾಕಿದ್ದೆ. ಅಂಚಿನ ಗೀಟಿಗೆ ಯೋಚನೆ ಬೇಡ, ಉಸಿರು ಹಿಡಿದರೆ ಸಾಕು. ಸಂಜೆಯ ಹೊತ್ತಿಗೆ ಹೆಗಲು ಇಳಿದು, ಮಣಿಕಟ್ಟಿನ ಬದಲು ಇಡೀ ತೋಳು ಆಡತೊಡಗಿತ್ತು. ಎಳೆ ನಡುಗುವುದು ನಿಂತಿತ್ತು.

ಬುಟ್ಟಿ ಚಪ್ಪಟೆ ಗೋಡೆಯಲ್ಲ ಅನ್ನೋದು ನಾಲ್ಕನೇ ದಿನ ಅರ್ಥವಾಯಿತು. ಸುತ್ತು ಹೊಡೆದು ಬಂದ ಎಳೆ ಹೊರಟ ಜಾಗಕ್ಕೇ ಬಂದು ಕೂಡಬೇಕು. ದೊಡ್ಡವ್ವ ದಾರವನ್ನು ಬುಟ್ಟಿಗೆ ಸುತ್ತಿ, ಮಡಚಿ ನಾಲ್ಕು ಮಾಡಿ, ಉಗುರಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ನಾನು ಅಂದಾಜಿನಲ್ಲೇ ಹೋದೆ. ಒಂದು ಬೆರಳಗಲ ಕೂಡಲಿಲ್ಲ. ಮೇಲಿನ ತುದಿ ಮೇಲೆ, ಕೆಳಗಿನದು ಕೆಳಗೆ. ಅವ್ವನಿಗೆ ಕಾಣುವುದಿಲ್ಲವಲ್ಲ ಅಂದುಕೊಂಡೆ. ಅವಳು ಬೆರಳಾಡಿಸಿಯೇ ಕಂಡುಹಿಡಿದು ನಕ್ಕಳು. “ಆ ಕಡೆನ ಹೊರೋರ ಬೆನ್ನಿಗೆ ಮಾಡಿಡು” ಅಂದಳು.

ಹುಣ್ಣಿಮೆಯ ದಿನ ಬೆಳಕು ಹರಿಯುವ ಮುಂಚೆ ಅಣ್ಣ ಬುಟ್ಟಿ ಹೊತ್ತು ಗದ್ದೆಗೆ ಹೊರಟ. ಹಿಂದೆ ಹೋಗುತ್ತಿದ್ದ ನನಗೆ ಕಾಣಿಸುತ್ತಿದ್ದದ್ದು ಕೂಡದ ಆ ಎಳೆ ಒಂದೇ. ಅಂಬಲಿ ಬೀರಿ ವಾಪಸು ಬರುವಾಗ ಅದರ ಮೇಲೂ ಅಂಬಲಿ ಚೆಲ್ಲಿ, ಒಂದು ಗೊಂಬೆಯ ಕಾಲು ಅಳಿಸಿತ್ತು. ಫ್ರೇಮಿನ ಗಾಜಿಗೆ ಬೆರಳು ತಾಗಿದರೂ ಸಿಡುಕುತ್ತಿದ್ದವಳು ನಾನು. ಆವತ್ತು ಅಣ್ಣನಿಗೆ ಏನೂ ಅನ್ನಲಿಲ್ಲ, ಕಡುಬು ತಿಂದೆ.

ಬೆಂಗಳೂರಿಗೆ ಬರುವಾಗ ಕೆಮ್ಮಣ್ಣಿನ ಉಂಡೆ, ಪುಂಡಿ ನಾರು ತಂದೆ. ಈಗ ಭಾನುವಾರ ಮಧ್ಯಾಹ್ನ ಹಳೇ ಮೊರದ ಮೇಲೆ ಬರೆಯುತ್ತೇನೆ, ಕೆಲವು ಭಾನುವಾರ ಬರೆಯುವುದಿಲ್ಲ. ಮಾರೋದಿಲ್ಲ ಅಂತ ತೀರ್ಮಾನಿಸಿದ್ದೇನೆ, ಸದ್ಯಕ್ಕೆ. ಅರೆದ ಅಕ್ಕಿ ಬೇಗ ಹುಳಿಯಾಗುತ್ತದೆ ಅಂತ ಫ್ರಿಜ್ಜಿನಲ್ಲಿಟ್ಟಿದ್ದೆ. ಮನೆಯವರು ಅದರಲ್ಲಿ ನೀರುದೋಸೆ ಹುಯ್ದುಬಿಟ್ಟರು. ಈಗ ಡಬ್ಬಿಗೆ ಚೀಟಿ ಅಂಟಿಸಿದ್ದೇನೆ.

2025ರ ಹುಣ್ಣಿಮೆಗೆ ದಾರ ಮಡಚಿ ಗುರುತು ಹಾಕಿಕೊಂಡೆ. ಎಳೆ ಕೂಡಿತು. ಕಪ್ಪು ಮಾತ್ರ ಬೂದು ಬಣ್ಣಕ್ಕೆ ತಿರುಗಿತು, ಅಕ್ಕಿಯನ್ನು ಇನ್ನೂ ಸ್ವಲ್ಪ ಹುರಿಯಬೇಕಿತ್ತು.