ಅಂಬಿಗನ ಕೇಸು: ಡಿ ಅಂಡ್ ಡಿ ಟೇಬಲ್ ಮೇಲೆ ಕೋರ್ಟ್ ನಡೆಸಿದ ನನ್ನ ಅನುಭವ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅಂದರೆ ಟೇಬಲ್ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ಕಟ್ಟುವ ಆಟ; ಆಟ ನಡೆಸುವವನು ಡಿಎಂ. ಅದರಲ್ಲಿ ಕೋರ್ಟ್ ಸೆಷನ್ ಇಡಬೇಡ ಅಂತ ನನಗೆ ಹೇಳದ ಡಿಎಂ ಇಲ್ಲ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಆಟ ಆಡಿಸಿದವರೊಬ್ಬರು, "ವಿಚಾರಣೆಯನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸು, ಸೀದಾ ಜೈಲು ಒಡೆಯೋದಕ್ಕೆ ಹೋಗು" ಅಂದರು. ನಮ್ಮ ಟೇಬಲ್ಲಿನವರೇ, "ಇದು ಆಟ ಅಲ್ರೀ, ತಾರೀಖಿಗೆ ಹೋಗಿ ಕುಂತಂಗ ಆಕ್ಕೈತಿ" ಅಂದಿದ್ದರು. ಕಡೆಗೂ ಬಾಗಲಕೋಟೆಯ ನವನಗರದಲ್ಲಿ, ಭಾನುವಾರ ಖಾಲಿ ಇರುವ ಟ್ಯೂಷನ್ ಕೋಣೆಯೊಂದರಲ್ಲಿ, ಒಂದೇ ಒಂದು ಕತ್ತಿಯೂ ಒರೆಯಿಂದ ಹೊರಬರದ ಸೆಷನ್ ಮೂರೂವರೆ ತಾಸು ಓಡಿತು. ಫೋನ್ ಕೈಗೆತ್ತಿಕೊಂಡವರಿಲ್ಲ.

ನಾವು ಆಡುವುದು ಐದನೇ ಆವೃತ್ತಿ, 2014ರ ನಿಯಮ. ಆಟಗಾರರು ಐದು ಜನ, ಎಲ್ಲರ ಪಾತ್ರವೂ ಐದನೇ ಲೆವೆಲ್.

ಮೊದಲು ಕೆಟ್ಟುಹೋದ ಸೆಷನ್‌ಗಳ ಕಥೆ ಹೇಳುತ್ತೇನೆ, ಯಾಕೆಂದರೆ ದುಡ್ಡು ಹೋಗಿದ್ದು ಅಲ್ಲೇ. ಆರಂಭದಲ್ಲಿ ಎಲ್ಲರೂ ಮಾಡುವ ಹಾಗೆ ಪರ್ಸುಯೇಷನ್ ರೋಲ್, ಅಂದರೆ ಮನವೊಲಿಸೋಕೆ ದಾಳ ಹಾಕುವುದು, ಇಟ್ಟಿದ್ದೆ. ನಮ್ಮ ಬಾರ್ಡ್‌ಗೆ (ಹಾಡುಗಾರ ಪಾತ್ರ) ಕ್ಯಾರಿಸ್ಮಾ, ಅಂದರೆ ವರ್ಚಸ್ಸು, 18; ಎಕ್ಸ್‌ಪರ್ಟೈಸ್ ಅನ್ನುವ ವಿಶೇಷ ಪರಿಣತಿ ಬೇರೆ. ದಾಳದ ಅಂಕಕ್ಕೆ ಒಟ್ಟು +10. ಡಿಸಿ, ಅಂದರೆ ಗೆಲ್ಲಲು ಮುಟ್ಟಬೇಕಾದ ಅಂಕ, 15 ಇಟ್ಟರೆ ಇಪ್ಪತ್ತು ಮುಖದ ದಾಳದಲ್ಲಿ ಐದು ಬಿದ್ದರೆ ಸಾಕು. ಅವನೊಬ್ಬ ಮಾತಾಡಿದ, ಉಳಿದ ನಾಲ್ವರು ಕ್ರಿಕೆಟ್ ಸ್ಕೋರ್ ನೋಡಿದರು. ಆಮೇಲೆ ನಾಲ್ಕನೇ ಆವೃತ್ತಿಯ ಸ್ಕಿಲ್ ಚಾಲೆಂಜ್ ತಂದೆ. ಮೂರು ಸೋಲು ಬರುವ ಮೊದಲು ಇಷ್ಟು ಗೆಲುವು ಬೇಕು ಅನ್ನೋ ಲೆಕ್ಕ. ಎಲ್ಲರಿಗೂ ಸರದಿ ಬಂತು ನಿಜ, ಆದರೆ ಸಾಕ್ಷಿ ಏನು ಹೇಳಿದ ಅಂತ ಯಾರೂ ಕೇಳಿಸಿಕೊಳ್ಳಲಿಲ್ಲ. ಬರೀ ಎಣಿಕೆ. ಇನ್ನೊಮ್ಮೆ ಆಟಗಾರನ ಪಾತ್ರವನ್ನೇ ಕಟಕಟೆಗೆ ಹತ್ತಿಸಿದ್ದಾಯಿತು. ಆರೋಪಿ ಸುಮ್ನೆ ಕೂರಬೇಕಲ್ವಾ, ಆ ಹುಡುಗ ಎರಡು ತಾಸು ಮಿರ್ಚಿ ತಿಂದು ಮನೆಗೆ ಹೋದ. ನಡುವೆ ತ್ರೀಡಿ ಪ್ರಿಂಟ್ ಮಾಡಿಸಿದ ನ್ಯಾಯಪೀಠ, ಕಟಕಟೆ, ಬಣ್ಣ ಎಲ್ಲ ಸೇರಿ ಮೂರು ಸಾವಿರದ ಆಸುಪಾಸು ಖರ್ಚಾಯಿತು. ನೋಡಲು ಚೆಂದ, ಆಟಕ್ಕೆ ಏನೂ ಉಪಯೋಗವಿಲ್ಲ. ಕೋರ್ಟಿನಲ್ಲಿ ಯಾರೂ ಎದ್ದು ಓಡಾಡುವುದಿಲ್ಲ, ಮಿನಿಯೇಚರ್ ಇಟ್ಟು ಏನು ಮಾಡುವುದು?

ಎಲ್ಲಕ್ಕಿಂತ ದೊಡ್ಡ ತಲೆನೋವು ಝೋನ್ ಆಫ್ ಟ್ರೂತ್, ಒಳಗೆ ನಿಂತವರು ಸುಳ್ಳು ಹೇಳಲಾಗದ ವೃತ್ತ ಎಬ್ಬಿಸುವ ಮಂತ್ರ. ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪಾತ್ರ) ಮಂತ್ರ ಹಾಕುತ್ತಾನೆ, ಸಾಕ್ಷಿ ಸೇವ್, ಅಂದರೆ ಮಂತ್ರ ತಡೆಯುವ ದಾಳ, ಸೋಲುತ್ತಾನೆ, "ನೀನೇ ಮಾಡಿದೆಯಾ?" ಒಂದೇ ಪ್ರಶ್ನೆ. ಕೇಸು ಹತ್ತು ನಿಮಿಷದಲ್ಲಿ ಖತಂ. ಕೆಲವು ಡಿಎಂಗಳು ಈ ಮಂತ್ರವನ್ನು ನ್ಯಾಯಾಲಯದಲ್ಲಿ ನಿಷೇಧಿಸುತ್ತಾರೆ. ನಾನು ನಿಷೇಧಿಸಲಿಲ್ಲ. ಆಟಗಾರ ಕಷ್ಟಪಟ್ಟು ಗಳಿಸಿದ್ದನ್ನು ಕಿತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಮಂತ್ರದ ಮಾತನ್ನು ಸರಿಯಾಗಿ ಓದಿದರೆ ದಾರಿ ಅಲ್ಲೇ ಇದೆ. ಅದು ಬೇಕಂತಲೇ ಸುಳ್ಳು ಹೇಳುವುದನ್ನು ಮಾತ್ರ ತಡೆಯುತ್ತದೆ. ತಪ್ಪು ತಿಳಿದುಕೊಂಡವನನ್ನು ತಡೆಯುವುದಿಲ್ಲ. ಹಾಗಾಗಿ ನನ್ನ ಕೇಸಿನಲ್ಲಿ ಸುಳ್ಳು ಹೇಳುವ ಸಾಕ್ಷಿಯೇ ಇಲ್ಲ. ಮೂವರೂ ತಾವು ನಂಬಿದ್ದನ್ನೇ ಹೇಳುತ್ತಾರೆ. ಮೂವರ ಮಾತೂ ಸೇರಿ ಒಬ್ಬ ನಿರಪರಾಧಿಯನ್ನು ಗಲ್ಲಿಗೆ ಕಳಿಸುತ್ತದೆ. ಇಡೀ ಕೆಲಸದ ಜೀವ ಇದು.

ಕೇಸು ಹೀಗಿತ್ತು. ಕೆಂಬಂಡೆ ಅನ್ನುವ ಊರು, ಬಾದಾಮಿಯ ಕೆಂಪು ಕಲ್ಲು ನೋಡಿಯೇ ಕಟ್ಟಿದ್ದು. ವರ್ತಕರ ಹತ್ತಿ ಉಗ್ರಾಣಕ್ಕೆ ರಾತ್ರಿ ಬೆಂಕಿ ಬಿದ್ದು ಕಾವಲುಗಾರ ಸತ್ತ. ಹಿಡಿದದ್ದು ಊರ ಅಂಬಿಗನನ್ನು. ನಾಲ್ಕೈದು ಸೆಷನ್ನಿನಿಂದ ನಮ್ಮ ಪಾರ್ಟಿಯನ್ನು, ಅಂದರೆ ಪಾತ್ರಗಳ ತಂಡವನ್ನು, ಹೊಳೆ ದಾಟಿಸುತ್ತಿದ್ದ ಮುದುಕ ಅವನು. ಆಟಗಾರರಿಗೆ ಅವನ ಮೇಲೆ ಜೀವ. ಆರೋಪಿ ಎನ್‌ಪಿಸಿ, ಅಂದರೆ ಡಿಎಂ ಆಡಿಸುವ ಪಾತ್ರ, ಆಗಿದ್ದರಿಂದ ಐದೂ ಜನಕ್ಕೆ ಕೈತುಂಬ ಕೆಲಸ.

ರಾಜನ ಆಸ್ಥಾನ ನನಗೆ ಬೇಡವಾಗಿತ್ತು. ಒಬ್ಬ ನ್ಯಾಯಾಧೀಶ ಅಂದರೆ ಮತ್ತೆ ಒಂದೇ ರೋಲ್. ನಮ್ಮ ಜಿಲ್ಲೆಯ ಐಹೊಳೆಯಲ್ಲೇ ಅಯ್ಯಾವೊಳೆ ಐನೂರ್ವರು ಇದ್ದರಲ್ಲ, ದೇಶ ದೇಶ ಸುತ್ತಿದ ವರ್ತಕರ ಸಂಘ. ಸುಮಾತ್ರಾದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಅವರ ಹೆಸರಿದೆ. ಆ ಹೆಸರಿನ ಬಲದ ಮೇಲೆ ಐವರು ಸೆಟ್ಟರ ನ್ಯಾಯಸಭೆ ಕಟ್ಟಿದೆ. ಕಲ್ಪನೆ ನನ್ನದು, ಬೇರು ಊರಿನದು. ಒಬ್ಬ ಸೆಟ್ಟಿಗೆ ಸುಟ್ಟ ಹತ್ತಿಗೆ ಪರಿಹಾರ ಬೇಕು. ಒಬ್ಬ ಸತ್ತವನ ಸಂಬಂಧಿ, ಯಾರಿಗಾದರೂ ಶಿಕ್ಷೆ ಆಗಲೇಬೇಕು ಅನ್ನುವವನು. ಒಬ್ಬ ಬರಹದ ಲೆಕ್ಕ ಬಿಟ್ಟು ಬೇರೇನೂ ನಂಬುವುದಿಲ್ಲ. ಒಬ್ಬಳಿಗೆ ಮಂತ್ರ ಕಂಡರೆ ಆಗದು. ಐದನೆಯವನ ಗುಟ್ಟು ಇಲ್ಲಿ ಬರೆಯುವುದಿಲ್ಲ, ಅವನನ್ನು ಇನ್ನೂ ಬಳಸಬೇಕಿದೆ.

ಪ್ರತಿ ಸೆಟ್ಟಿಯ ಮುಂದೆ ಒಂದು ಬಟ್ಟಲು, ಅದರಲ್ಲಿ ಮೂರು ಹುಣಸೆ ಬೀಜ. ಅವನ ಮನಸ್ಸು ಮುಟ್ಟುವ ವಾದಕ್ಕೆ ಒಂದು ಬೀಜ ಹೊರಗೆ, ಎಡವಿದರೆ ಒಂದು ಒಳಗೆ. ಮೂರು ಬಟ್ಟಲು ಖಾಲಿಯಾದರೆ ಬಿಡುಗಡೆ. ಬೀಜ ಎಲ್ಲರಿಗೂ ಕಾಣಬೇಕು, ಮುಚ್ಚಿಡಬೇಡಿ. ಮಂತ್ರ ಬೇಡ ಅನ್ನುವ ಸೆಟ್ಟಿಗಿತ್ತಿಯ ಬಟ್ಟಲಿಗೆ ಸಭೆಯಲ್ಲಿ ಹಾಕಿದ ಪ್ರತಿ ಮಂತ್ರಕ್ಕೂ ಒಂದು ಬೀಜ ಜಾಸ್ತಿ. ಬೆಲೆ ಕಣ್ಣೆದುರು ಇದ್ದರೆ ಕ್ಲೆರಿಕ್ ತಾನಾಗಿಯೇ ಯೋಚಿಸುತ್ತಾನೆ.

ಪಾಟೀಸವಾಲಿನ ನಿಯಮ ಒಂದೇ. ಸಾಕ್ಷಿಯ ಹೇಳಿಕೆಯನ್ನು ಅಚ್ಚು ಹಾಕಿಸಿ ಕೈಗೆ ಕೊಡುತ್ತೇನೆ. ಹಿಂದಿನ ಸೆಷನ್ನಿನಲ್ಲಿ ಊರು ಸುತ್ತಿ ಕಲೆಹಾಕಿದ ಪುರಾವೆಗಳು ಕಾರ್ಡಿನಲ್ಲಿ ಇರುತ್ತವೆ. ಹೇಳಿಕೆಯ ಒಂದು ಸಾಲಿನ ಮೇಲೆ ಸರಿಯಾದ ಕಾರ್ಡ್ ಇಟ್ಟು ಪ್ರಶ್ನೆ ಕೇಳಿದರೆ ದಾಳವೇ ಬೇಡ. ಕಾರ್ಡ್ ಇಲ್ಲದೆ ಬರೀ ಮಾತಿನಲ್ಲಿ ಒತ್ತಿದರೆ ಡಿಸಿ 15. ತಪ್ಪು ಕಾರ್ಡ್ ಇಟ್ಟರೆ ಬೀಜ ಒಳಗೆ. ಇದರಿಂದ ಬಾರ್ಡ್‌ನ +10 ಸತ್ತುಹೋಗಲಿಲ್ಲ, ಆದರೆ ಅದೊಂದೇ ಇದ್ದರೆ ಸಾಲದು.

ಸ್ಪೀಕ್ ವಿತ್ ಡೆಡ್, ಅಂದರೆ ಶವವನ್ನು ಮಾತಾಡಿಸುವ ಮಂತ್ರದ ಬಗ್ಗೆ ಕೇಳುವವರಿಗೆ: ಅದನ್ನು ಫಿರ್ಯಾದಿ ಕಡೆಯವರಿಂದ ಮೊದಲೇ ಹಾಕಿಸಿಬಿಡಿ. ಒಂದು ಶವದ ಮೇಲೆ ಹತ್ತು ದಿನದೊಳಗೆ ಮತ್ತೆ ನಡೆಯುವುದಿಲ್ಲ. ಅವರು ಕೇಳಿದ ಐದು ಪ್ರಶ್ನೆ, ಶವ ಕೊಟ್ಟ ಉತ್ತರ, ಎಲ್ಲ ಪಂಚನಾಮೆಯ ಹಾಗೆ ಬರೆದು ಅರಗಿನ ಮುದ್ರೆ ಒತ್ತಿ ಕೊಟ್ಟೆ. ನಮ್ಮ ವಿಝರ್ಡ್ (ಮಾಂತ್ರಿಕ ಪಾತ್ರ) ಅದನ್ನು ಓದಿ ಓದಿ, "ಬೆಂಕಿ ಹಚ್ಚಿದವನ ಮುಖಾ ನೋಡಿದಿ ಏನು ಅಂತ ಇವರು ಕೇಳೇ ಇಲ್ಲಲ್ಲೋ" ಅಂದ. ಕೇಳದ ಪ್ರಶ್ನೆಯೇ ಅವರಿಗೆ ಪುರಾವೆ ಆಯಿತು.

ಮುಖ್ಯ ಸಾಕ್ಷಿ ಸಂಘದ ಕರಣಿಕ. ಉಗ್ರಾಣದೊಳಗೆ ಅಂಬಿಗನ ದನಿ ಕೇಳಿದೆ ಅಂತ ಅವನ ಹೇಳಿಕೆ. ಕ್ಲೆರಿಕ್‌ಗೆ ತಡೆಯಲಾಗಲಿಲ್ಲ, ಝೋನ್ ಆಫ್ ಟ್ರೂತ್ ಹಾಕಿದ. ಕರಣಿಕ ಸೇವ್ ಸೋತ. ವೃತ್ತದೊಳಗೆ ನಿಂತು ಅದೇ ಮಾತನ್ನು ಮತ್ತೆ ಹೇಳಿದ. ನಿಜ ಅಂತ ಮಂತ್ರವೇ ಸಾರಿದಂತಾಯಿತು, ಮೂರು ಬಟ್ಟಲಿಗೆ ಬೀಜ ಬಿತ್ತು. ಟೇಬಲ್ ಪೂರ್ತಿ ಸ್ತಬ್ಧ. ಆಗ ಎದ್ದವನು ಇಳಕಲ್ಲಿನ ಸೀರೆ ಅಂಗಡಿಯ ಹುಡುಗ. ಅವನದು ಫೈಟರ್, ಕ್ಯಾರಿಸ್ಮಾ 8, ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. "ಕರಣಿಕರ, ಮುಖಾ ನೋಡಿದ್ರೋ, ಬರೇ ದನಿ ಕೇಳಿದ್ರೋ?" ದನಿ ಅಷ್ಟೇ. ಹುಡುಗ ಎರಡು ಕಾರ್ಡ್ ಇಟ್ಟ. ಒಂದು, ಉಗ್ರಾಣದ ಹಿಂದೆ ಸಿಕ್ಕ ಕುರಿ ಉಣ್ಣೆಯ ಎಳೆ. ಇನ್ನೊಂದು, ಆ ರಾತ್ರಿ ಅಂಬಿಗ ಆಚೆ ದಡದಲ್ಲಿದ್ದ ಅಂತ ಸುಂಕದ ಕಟ್ಟೆಯ ಲೆಕ್ಕ. ಉಣ್ಣೆಯ ಎಳೆ ಮೈನರ್ ಇಲ್ಯೂಷನ್, ಅಂದರೆ ಇಲ್ಲದ ದನಿಯನ್ನೋ ಆಕಾರವನ್ನೋ ಹುಟ್ಟಿಸುವ ಮಂತ್ರದ ಸಾಮಗ್ರಿ. ಯಾರೋ ಅಂಬಿಗನ ದನಿಯನ್ನು ಅಲ್ಲಿ ಎಬ್ಬಿಸಿದ್ದರು. ಕರಣಿಕ ವೃತ್ತದೊಳಗೇ ಇದ್ದ, ಹಾಗಾಗಿ "ಹಂಗೂ ಆಗಿರಬಹುದು" ಅಂದ ಮಾತಿಗೂ ಅಷ್ಟೇ ತೂಕ ಬಂತು. ಆ ಹುಡುಗನ ಮುಖ ನೋಡಬೇಕಿತ್ತು. ದಾಳ ಮುಟ್ಟದೆ ಇಡೀ ಕೇಸನ್ನು ತಿರುಗಿಸಿದ್ದ.

ಬೀಜಗಳು ಎರಡು ಖಾಲಿ ಬಟ್ಟಲಿಗೆ ನಿಂತವು. ಇಂಥ ಹೊತ್ತಿಗೆ ಅಂತಲೇ ಒಂದು ಪ್ರಯೋಗ ಇಟ್ಟುಕೊಂಡಿದ್ದೆ: ದಿವ್ಯ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅನ್ನುವುದನ್ನು ದೈವಕ್ಕೆ ಬಿಡುವ ಪರೀಕ್ಷೆ. ಯಾಜ್ಞವಲ್ಕ್ಯ ಸ್ಮೃತಿ ತುಲೆ, ಅಗ್ನಿ, ಜಲ, ವಿಷ, ಕೋಶ ಅಂತ ಐದು ದಿವ್ಯ ಹೇಳುತ್ತದೆ. ಅದಕ್ಕೆ ಮಿತಾಕ್ಷರ ಅನ್ನುವ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ನಾನು ತುಲೆ ಆರಿಸಿದೆ. ಆರೋಪಿಯನ್ನು ಒಮ್ಮೆ ತೂಗಿ, ಪ್ರಾರ್ಥನೆ ಮಾಡಿಸಿ, ಮತ್ತೆ ತೂಗುವುದು. ತಟ್ಟೆ ಮೇಲೆದ್ದರೆ ನಿರ್ದೋಷಿ. ವಿಝರ್ಡ್ ನನ್ನ ಕಡೆ ನೋಡಿ ಒಂದೇ ಮಾತು ಹೇಳಿದ: "ಲೆವಿಟೇಟ್." ಗಾಳಿಯಲ್ಲಿ ಮೇಲೆತ್ತುವ ಮಂತ್ರ ಅದು. ಅದಕ್ಕೆ ಬಾಯಿಯೂ ಆಡಬೇಕು, ಕೈಯೂ ಆಡಬೇಕು, ಸೆಟ್ಟಿಗಿತ್ತಿ ಕಂಡರೆ ಕೇಸು ಮುಗಿಯಿತು. ಅದೇ ಫೈಟರ್ ತೂಕದ ಕಲ್ಲುಗಳ ರಾಶಿಯನ್ನು ಒದ್ದು ಉರುಳಿಸಿದ. ಆ ಗದ್ದಲದಲ್ಲಿ ಒಂದೇ ರೋಲ್, ಡಿಸಿ 15. ಹದಿನೇಳು ಬಿತ್ತು. ಅಂಬಿಗನ ತಟ್ಟೆ ಎರಡು ಬೆರಳಷ್ಟು ಮೇಲೆದ್ದಿತು. ಇಡೀ ಸಂಜೆ ಎಲ್ಲರೂ ಎದ್ದು ನಿಂತು ನೋಡಿದ ದಾಳ ಅದೊಂದೇ.

ಖರ್ಚು ಹೇಳಿಬಿಡುತ್ತೇನೆ. ಕೋಣೆಗೆ ನಾನೂರು, ಅಚ್ಚು ಮತ್ತು ದಪ್ಪ ಹಾಳೆಗೆ ಇನ್ನೂರೈವತ್ತರ ಹತ್ತಿರ, ಅರಗಿಗೆ ಎಪ್ಪತ್ತೋ ಎಂಬತ್ತೋ, ಗಿರ್ಮಿಟ್ ಚಹಾ ಮುನ್ನೂರರ ಒಳಗೆ. ಹುಣಸೆ ಬೀಜ ಮನೆಯವು. ತಲೆಗೆ ಇನ್ನೂರು ಹಾಕಿದರು, ನನ್ನ ಕೈಯಿಂದ ಹೋಗಿದ್ದು ಅಷ್ಟಕ್ಕಷ್ಟೇ. ಹೇಳಿಕೆ ಬರೆಯುವುದಕ್ಕೆ ಮಾತ್ರ ಎರಡು ವಾರದ ಸಂಜೆಗಳು ಬೇಕಾದವು. ಒಂದು ಹೇಳಿಕೆ ಹತ್ತು ಸಾಲು ದಾಟಬಾರದು. ದಾಟಿದರೆ ಯಾರೂ ಓದುವುದಿಲ್ಲ. ಯಾವ ಸಾಲಿನಲ್ಲಿ ಬಿರುಕು ಇಡಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ವಿಜಯಪುರದ ಗೆಳೆಯರು ಕಡತ ಕೇಳಿದರು, ಐದನೇ ಸೆಟ್ಟಿಯನ್ನು ತೆಗೆದು ಕಳಿಸಿದೆ. ಅವರು ತಮ್ಮವನೊಬ್ಬನನ್ನು ಸೇರಿಸಿ ಆಡಿಸಿದರು, ದಿವ್ಯವನ್ನು ಬಿಟ್ಟರು, ಮುಕ್ಕಾಲು ತಾಸು ಉಳಿಯಿತಂತೆ. ನಾನಂತೂ ಬಿಡುವುದಿಲ್ಲ. ಮುಂದಿನ ಕೇಸಿಗೆ ಕೋಶ ದಿವ್ಯ ಇಟ್ಟಿದ್ದೇನೆ. ದೇವರಿಗೆ ಮಜ್ಜನ ಮಾಡಿಸಿದ ನೀರು ಕುಡಿಸಿ, ಕೆಲವು ದಿನ ಕೇಡು ಬರುತ್ತದೋ ಇಲ್ಲವೋ ಅಂತ ಕಾಯುವುದು. ಅಷ್ಟು ದಿನ ಆರೋಪಿಯನ್ನು ಕಾಯುವ ಕೆಲಸ ಪಾರ್ಟಿಗೇ ಬರುತ್ತದೆ, ಆ ಸೆಷನ್ನಿನಲ್ಲಿ ಕತ್ತಿಗಳು ಹೊರಬರಲಿವೆ.