ಮಳೆಗಾಲದ ವೀಕೆಂಡಿಗೆ ಕಲಬುರಗಿಯಿಂದ ಬೀದರ್: ಸ್ಟೂಡೆಂಟ್ ಬಜೆಟ್‌ನಲ್ಲಿ

ಮಳೆ ಅಂತ ಸುಮ್ನೆ ಹಾಸ್ಟೆಲ್‌ನಲ್ಲಿ ಕೂರಬೇಡಿ, ಬೀದರ್ ನೋಡೋಕೆ ಇದೇ ಸರಿಯಾದ ಕಾಲ. ಕಲಬುರಗಿಯಿಂದ ಹುಮನಾಬಾದ್ ಮೇಲೆ ರೈಲೂ ಇದೆ, ಬಸ್ಸೂ ಇದೆ. ಹುಡುಗಿಯರು ಆಧಾರ್ ಇಟ್ಟುಕೊಳ್ಳಿ, ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡು ಬೇಡ. ಛತ್ರಿಗಿಂತ ರೇನ್‌ಕೋಟ್ ವಾಸಿ, ಕೋಟೆ ಮೇಲೆ ಗಾಳಿ ಜೋರು. ಒದ್ದೆ ಕಲ್ಲು ಜಾರುತ್ತೆ, ಹಿಡಿತ ಇರೋ ಶೂ ಹಾಕಿ.

ಮಳೆ ಜಾಸ್ತಿಯಾದ್ರೆ ಕೋಟೆಯೊಳಗಿನ ರಂಗೀನ್ ಮಹಲ್‌ಗೆ ಹೋಗಿ. ಬೀಗ ಇದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ನೋಡದೆ ಮಾತ್ರ ಬರಬೇಡಿ. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳಿವೆ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಒಂದೊಂದು ಎಲೆಯೂ ಗುಲಾಬಿ, ಹಸಿರು ಅಂತ ಬಣ್ಣ ಬದಲಿಸುತ್ತೆ, ಅದರ ಮುಂದೆ ಅರ್ಧ ಗಂಟೆ ನಿಂತರೂ ಸಾಲದು. ಕೋಟೆಯ ಮಣ್ಣಿನ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ, ಬೆಳ್ಳಿ ಕುಸುರಿಯ ಬಿದ್ರಿ ಪಾತ್ರೆ ಕಪ್ಪಾಗೋದು ಅದರಿಂದಲೇ.

1472ರ ಮಹಮೂದ್ ಗವಾನ್ ಮದರಸಾ ಮಳೆ ನಿಂತ ಕೂಡಲೇ ನೋಡಿ. ತೊಳೆದ ನೀಲಿ ಟೈಲ್ಸ್ ಆಗ ಎದ್ದು ಕಾಣುತ್ತವೆ.

ಊಟಕ್ಕೆ ನಾನಕ್ ಝೀರಾ ಗುರುದ್ವಾರ. ತಲೆಗೆ ಬಟ್ಟೆ ಕಟ್ಟಿ, ಸಾಲಿನಲ್ಲಿ ಕೂತರೆ ಲಂಗರ್ ಊಟ ಎಲ್ಲರಿಗೂ ಉಚಿತ. ತಟ್ಟೆಯಲ್ಲಿ ಅನ್ನ ಬಿಡಬೇಡಿ, ಆಮೇಲೆ ತಟ್ಟೆ ತೊಳೆಯೋಕೂ ಕೈ ಜೋಡಿಸಿ.

ಅಷ್ಟೂರಿನಲ್ಲಿರೋ ಬಹಮನಿ ಸುಲ್ತಾನರ ಗೋರಿ ಗುಮ್ಮಟಗಳಿಗೆ ಆಟೋ ಹಂಚಿಕೊಳ್ಳಿ. ಸೋಮವಾರ ಕ್ಲಾಸ್ ಇದ್ದರೆ, ಕೊನೆ ಬಸ್ಸು ಎಷ್ಟೊತ್ತಿಗೆ ಅಂತ ಇಳಿದಾಗಲೇ ಕೇಳಿಟ್ಟುಕೊಳ್ಳಿ.